ಬೀಗವಿಲ್ಲದ ಮನೆಯ ನೆಟ್ಟಿ

ನೆಟ್ಟಿ ಬಾಬಿಯಾಕ್ ಮನೆಯ ಮುಂಬಾಗಿಲಿಗೆ ಬೀಗವಿಲ್ಲ. ಕಳೆದುಹೋಗಿದ್ದಲ್ಲ, ಮನೆ ಕಟ್ಟಿದಾಗಿನಿಂದ ಇರಲೇ ಇಲ್ಲ. ವಿಮೆ ಕಂಪನಿಯ ಹುಡುಗನೊಬ್ಬ ಬಂದು, “ಇದರ ಕೀ ಎಲ್ಲಿ ಮೇಡಂ?” ಅಂದಾಗ ಅವಳು ಗಾಬರಿಬಿದ್ದು, “ಯಾಕಪ್ಪಾ, ಹೊರಗೆ ಹೋಗೋಕೆ ಆಗ್ತಿಲ್ವಾ?” ಅಂತ ಕೇಳಿದ್ದಳಂತೆ. ಕಲೀನಾ ಊರಲ್ಲಿ ಈ ಕಥೆ ಹೇಳಿ ನಗದವರಿಲ್ಲ. ನೆಟ್ಟಿಯೂ ಅವರ ಜೊತೆ ನಗುತ್ತಾಳೆ.

ಅವಳ ಹುಚ್ಚಿಗೆ ಕಾರಣವಿದೆ. ಅವಳಪ್ಪ ಒಂದು ಜನವರಿಯ ಹಿಮಗಾಳಿಯಲ್ಲಿ ಜಾರುಬಂಡಿ ಸಮೇತ ದಾರಿ ತಪ್ಪಿದ. ಚಾಚಿದ ಕೈಯೇ ಕಾಣದಂಥ ಬಿಳುಪಿನಲ್ಲಿ ತಡಕಾಡಿ ಮುಟ್ಟಿದ್ದು ಫೆದೊರಾಕ್‌ನ ಮನೆಯ ಗೋಡೆಯನ್ನು. ಬೇಲಿ ಜಗಳದಿಂದ ಆ ಮನೆಯವರೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಒಳಗೆ ಯಾರೂ ಇರಲಿಲ್ಲ, ಆದರೆ ತಳ್ಳಿದರೆ ಬಾಗಿಲು ತೆರೆಯಿತು. ಅವರ ಒಲೆ ಹಚ್ಚಿ, ಅವರ ಬ್ರೆಡ್ಡು ತಿಂದು, ಅವರ ಹಾಸಿಗೆಯಲ್ಲೇ ಮಲಗಿ ಅಪ್ಪ ಬದುಕಿಕೊಂಡ. ಹಿಮ ಕರಗಿದ ಮೇಲೆ ಹೋಗಿ, ಒಂದು ಮಾತೂ ಆಡದೆ, ಅದೇ ಬೇಲಿಯನ್ನು ತಾನೇ ಕಟ್ಟಿಕೊಟ್ಟು ಬಂದ. “ಚಳಿಗಾಲದಲ್ಲಿ ಬಾಗಿಲಿಗೆ ಬೀಗ ಹಾಕೋದೂ ಒಂದೇ, ದಾರಿಹೋಕನಿಗೆ ಗುಂಡಿ ತೋಡೋದೂ ಒಂದೇ” ಅಂತ ಮಕ್ಕಳಿಗೆ ಹೇಳಿಕೊಟ್ಟ. ಕೆನಡಾದ ಸಸ್ಕಾಚೆವಾನ್‌ನ ಆ ಬಯಲಲ್ಲಿ ಚಳಿಗಾಲವೆಂದರೆ ವರ್ಷದ ಅರ್ಧ. ಉಳಿದರ್ಧಕ್ಕೆ ಬೇರೆ ಅಭ್ಯಾಸ ಯಾಕೆ ಅಂತ ನೆಟ್ಟಿ ಬೇಸಿಗೆಯಲ್ಲೂ ಹಾಗೇ ಬಿಟ್ಟಳು.

ಅವಳು ಮೂವತ್ತು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಊರಿನ ಮತ್ತು ಸುತ್ತಲಿನ ಹೊಲಮನೆಗಳ ನಡುವಯಸ್ಕರೆಲ್ಲ ಒಂದು ಕಾಲದಲ್ಲಿ ಮೂಗು ಸೋರಿಸಿಕೊಂಡು ಅವಳ ಬಸ್ಸು ಹತ್ತಿದವರೇ. ಹೆಸರು ಮರೆತಾಳು, ಅವರು ಬಸ್ಸು ಹತ್ತುತ್ತಿದ್ದ ಗೇಟು ಮರೆಯಳು. ಪಕ್ಕದ ಪಟ್ಟಣದ ಬ್ಯಾಂಕ್ ಮ್ಯಾನೇಜರ್ ಅವಳ ಪಾಲಿಗೆ ಇವತ್ತಿಗೂ “ಮುರಿದ ಗಾಳಿಯಂತ್ರದ ಗೇಟಿನ ಹುಡುಗ, ಬಸ್ಸಲ್ಲಿ ವಾಂತಿ ಮಾಡ್ಕೊಳ್ತಿದ್ನಲ್ಲ, ಅವನು.” ಅವನ ಹೆಂಡತಿಯ ಎದುರಿಗೇ ಹಾಗೆ ಹೇಳಿದ್ದಾಳೆ.

ಇಂಥವಳ ಕೈಗೆ ಊರಿನ ಫೋನ್ ಗುಂಪಿನ ಯಜಮಾನಿಕೆ ಬಂತು. ‘ಕಲೀನಾ ಕಾಫಿ ಮೇಜು’ ಅಂತ ಅದರ ಹೆಸರು. ಗುಂಪು ಕಟ್ಟಿದ ಗ್ರಂಥಾಲಯದ ಹುಡುಗಿ ರೆಜೈನಾ ನಗರಕ್ಕೆ ಹೊರಟಾಗ, “ಬಾಬಾ ನೆಟ್ಟಿ, ನೀವೇ ನೋಡ್ಕೊಳ್ಳಿ” ಅಂದು ಹೋದಳು. ಊರಿನ ಎಳೆಯರೆಲ್ಲ ಅವಳನ್ನು ಬಾಬಾ, ಅಂದರೆ ಅಜ್ಜಿ ಅಂತಲೇ ಕರೆಯುವುದು. ಕಳೆದ ನಾಯಿ, ಸಿಕ್ಕ ಕೈಗವಸು, ಮಾರಾಟಕ್ಕಿರುವ ಟ್ರ್ಯಾಕ್ಟರ್, ಯಾರ ಮನೆಯಲ್ಲಿ ಸಾವು, ಎಲ್ಲ ಅದರಲ್ಲೇ. ಹೊಸಬರು ಯಾರಾದರೂ ಬಂದರೆ ಫೋನು, “ಇವರನ್ನು ಒಳಗೆ ಬಿಡಲೇ?” ಅಂತ ಕೇಳುತ್ತಿತ್ತು. ಇದೇನು ಕೇಳುವ ಮಾತೇ ಅಂತ ನೆಟ್ಟಿ ಒತ್ತುತ್ತಿದ್ದಳು. ಬಂದವರನ್ನೆಲ್ಲ ಒಳಗೆ ಬಿಟ್ಟಳು.

“ನೆಟ್ಟಿ, ಊರಲ್ಲಿರೋರಿಗಿಂತ ನಿನ್ನ ಗುಂಪಲ್ಲೇ ಜನ ಜಾಸ್ತಿ ಇದಾರೆ,” ಅಂತ ಅವಳ ಮೈದುನ ಒರೆಸ್ಟ್ ಒಂದು ದಿನ ಚುಚ್ಚಿದ. “ಸ್ಮಶಾನದವರನ್ನೂ ಸೇರಿಸ್ಕೊಂಡಿದೀಯಾ?”

“ಅವರು ಸೇರಿದ್ರೆ ಒಳ್ಳೇದೇ. ನಿನ್ನಷ್ಟು ಮಾತಾಡಲ್ಲ.”

ಒರೆಸ್ಟ್ ಅವಳ ಗಂಡ ಮೆಟ್ರೋನ ತಮ್ಮ. ಮೆಟ್ರೋ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನು ಬಿಟ್ಟುಹೋದ ದೊಡ್ಡ ಆಸ್ತಿ ಅಂದರೆ ರೈಲುಹಳಿಯ ಪಕ್ಕದ ಕಾಂಕ್ರೀಟ್ ಕಣಜ, ಅದೂ ಅವನೊಬ್ಬನದಲ್ಲ. ಹಿಂದೆ ಕಂಪನಿಗಳು ಹಳೇ ಮರದ ಕಣಜಗಳನ್ನು ಕೆಡವಿ ಹೊರಟಾಗ, ಕಾಳು ಒಯ್ಯುವ ರೈಲೂ ನಿಲ್ಲುತ್ತದೆ, ಊರೂ ನಿಲ್ಲುತ್ತದೆ ಅಂತ ಎಲ್ಲರೂ ಕೈಚೆಲ್ಲಿದ್ದರು. ಮೆಟ್ರೋ ಒಂದು ಚಳಿಗಾಲವಿಡೀ ಅಡುಗೆಮನೆಯಿಂದ ಅಡುಗೆಮನೆಗೆ ಅಲೆದ. ಕುಡಿದ ಕಾಫಿಗೆ ಹೊಟ್ಟೆ ಹುಣ್ಣಾಯಿತು. ಆದರೆ ಮನೆಮನೆಯವರೂ ಷೇರು ಹಾಕಿದರು, ಕಣಜ ಎದ್ದಿತು. ಊರಿನ ರೈತರೇ ಅದರ ಒಡೆಯರು. ಕತ್ತಲಾದ ಮೇಲೆ ಅದರ ತುದಿಯ ಕೆಂಪು ದೀಪ ನೆಟ್ಟಿಯ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಪಾತ್ರೆ ತೊಳೆಯುವಾಗ ಅವಳು ಅದರ ಜೊತೆ ಮಾತಾಡುತ್ತಾಳೆ ಅಂತ ಒರೆಸ್ಟ್ ಹೇಳುತ್ತಾನೆ. ನಿಜವೇ ಇರಬೇಕು.

ಆ ವರ್ಷದ ಸುಗ್ಗಿಯಲ್ಲಿ ಎರಡು ಗಾಳಿ ಒಟ್ಟಿಗೆ ಬೀಸಿದವು.

ಮೊದಲನೆಯದು ನಿಜ ಸುದ್ದಿಯ ಗಾಳಿ. ಸಮುದ್ರದಾಚೆ ಕೋಟು ತೊಟ್ಟ ಯಾರೋ ಒಂದು ಕಾಗದಕ್ಕೆ ಸಹಿ ಹಾಕಿದರು, ಕೆನಡಾದ ಕನೋಲಾ ಮೇಲೆ ಭಾರೀ ಸುಂಕ ಬಿತ್ತು. ಕನೋಲಾ ಅಂದರೆ ಸಾಸಿವೆಯ ದಾಯಾದಿ, ಅದೇ ಹಳದಿ ಹೂವು, ಎಣ್ಣೆ ತೆಗೆಯುವ ಕಾಳು. ಇಲ್ಲಿ ಪೆಟ್ರೋಲ್ ಬಂಕಿನ ಕೆಫೆಯಲ್ಲಿ, ಕಾಫಿಯ ದುಡ್ಡು ಯಾರು ಕೊಡಬೇಕು ಅಂತ ದಾಳ ಕುಲುಕುತ್ತಿದ್ದ ಮುದುಕ ವಾಲ್ಟರ್ ಕೊಜಾಕ್, ಫೋನಿನಲ್ಲಿ ಬೆಲೆ ನೋಡಿ ದಾಳ ಹಾಕುವುದನ್ನೇ ಮರೆತ. ಒಂದೇ ಬೆಳಗಿನಲ್ಲಿ ಅಷ್ಟು ಇಳಿದಿತ್ತು. ಹೊಲದಲ್ಲಿ ಬೆಳೆ ನಿನ್ನೆಯಂತೆಯೇ ನಿಂತಿತ್ತು, ಒಂದು ಕಾಳೂ ಕೆಟ್ಟಿರಲಿಲ್ಲ.

ಆ ಹೊತ್ತಿಗೇ ಟೊರಾಂಟೊ ಕಡೆಯ ಒಂದು ಕಂಪನಿ, ಕಣಜವನ್ನು ನಮಗೆ ಮಾರಿ ಅಂತ ಕಾಗದ ಕಳಿಸಿತ್ತು. ಷೇರುದಾರರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಮಾರಾಟ. ಸುಗ್ಗಿಯೂಟ ಮುಗಿದ ಮರುದಿನ ಸೋಮವಾರ ಸಭೆ. ಮೊದಮೊದಲು ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ಎರಡನೆಯ ಗಾಳಿ ಬೀಸಿದ್ದು ನೆಟ್ಟಿಯ ಗುಂಪಿನೊಳಗೆ. ‘ಕಣಜದಲ್ಲಿ ದುಡ್ಡಿಲ್ಲ, ಒಳಗಿನ ಸುದ್ದಿ’ ಅಂತ ಒಬ್ಬ ಬರೆದ. ‘ನಮ್ಮ ಭಾವ ಅಲ್ಲೇ ಕೆಲಸಕ್ಕಿರೋದು, ಈ ಸಲದ ಕಾಳಿಗೆ ಹಣ ಬರಲ್ಲ ಅಂದ’ ಅಂತ ಇನ್ನೊಬ್ಬಳು. ‘ಟೊರಾಂಟೊದವರು ಹಿಂದೆ ಸರಿದರೆ ನಿಮ್ಮ ಷೇರು ಒಲೆ ಹಚ್ಚೋಕೂ ಆಗಲ್ಲ’ ಅಂತ ಮತ್ತೊಬ್ಬ. ಒಂದಕ್ಕೆ ಹತ್ತು ಜನ ಹೌದು ಹೌದು ಅನ್ನುವುದು. ಊರವರು ಓದಿದರು, ಬೆವರಿದರು, ತಮ್ಮ ನೆಂಟರಿಗೂ ಕಳಿಸಿದರು. ಬೆಲೆ ಬಿದ್ದದ್ದು ಕಣ್ಣೆದುರಿಗೇ ಇದ್ದದ್ದರಿಂದ ಉಳಿದದ್ದೂ ನಿಜವೆಂದೇ ಕಂಡಿತು. ಕೆಫೆಯ ಮೇಜಿನಲ್ಲಿ ಜನ ಎದುರುಬದುರು ಕೂತು ತಲೆ ಬಗ್ಗಿಸಿ ಫೋನು ನೋಡಿದರು. ವಾಲ್ಟರ್ ದಾಳ ಕುಲುಕಿದರೂ ಯಾರೂ ತಲೆ ಎತ್ತಲಿಲ್ಲ.

ಒಂದು ಮಧ್ಯಾಹ್ನ ಒರೆಸ್ಟ್ ನೆಟ್ಟಿಯ ಅಡುಗೆಮನೆಗೆ ಬಂದ. ಬಾಗಿಲು ಬಡಿಯುವ ಪದ್ಧತಿ ಇಲ್ಲ, ಬೂಟು ಕಳಚಿ ಒಳಗೆ ಬಂದು ಕೂತ. ನೆಟ್ಟಿ ಎಲೆಕೋಸು ಹೆಚ್ಚುತ್ತಿದ್ದಳು.

“ನಾನು ಮಾರೋ ಕಡೆ ಕೈ ಎತ್ತೋನೇ,” ಅಂದ. “ನಿನಗೆ ಮೊದಲೇ ಹೇಳೋಣ ಅಂತ ಬಂದೆ.”

ಚಾಕು ನಿಂತಿತು. “ಮೆಟ್ರೋ ಕಟ್ಟಿದ್ದು ಅದು, ಒರೆಸ್ಟ್.”

“ಮೆಟ್ರೋ ಇಲ್ಲ ಈಗ. ಗಾಳಿ ಬಂದಾಗ ತೂರ್ಕೋಬೇಕು ನೆಟ್ಟಿ.”

“ತೂರೋದು ಹೊಟ್ಟನ್ನ. ನೀನು ಕಾಳನ್ನೇ ಗಾಳಿಗೆ ಬಿಡ್ತಿದೀಯಲ್ಲೋ! ಯಾರು ಹೇಳಿದ್ದು ನಿನಗೆ ಕಣಜ ಮುಳುಗ್ತಿದೆ ಅಂತ?”

“ಎಲ್ಲಾರೂ ಹೇಳ್ತಿದಾರೆ. ನಿನ್ನ ಗುಂಪೇ ನೋಡ್ಕೋ.”

“ಎಲ್ಲಾರೂ ಅಂದ್ರೆ ಯಾರು? ಓದು ಹೆಸರು.”

ಒರೆಸ್ಟ್ ಕನ್ನಡಕ ಹಣೆಗೇರಿಸಿ ಓದತೊಡಗಿದ. “ಟಾಡ್ ವಿನ್‌ಸ್ಲೋ.”

“ಯಾವ ಗೇಟು?”

“ಏನು ಯಾವ ಗೇಟು?”

“ಯಾವ ಗೇಟಿನ ಹತ್ರ ಬಸ್ ಹತ್ತುತ್ತಿದ್ದ ಅಂತ. ಇಲ್ಲಿಯವನಾದ್ರೆ ನಾನು ಹತ್ತಿಸ್ಕೊಂಡಿರ್ಬೇಕು. ಇಲ್ಲಾ ಅವನ ಹೆಂಡ್ತೀನ, ಇಲ್ಲಾ ಮಕ್ಕಳನ್ನ. ಮುಂದೆ ಓದು.”

“ಶೆರಿಲ್ ಆನ್ ಬೀಚಮ್.”

“ಯಾವ ಗೇಟು?”

ಹೀಗೇ ಒಂದಾದ ಮೇಲೊಂದು. ಓದಿದಂತೆ ಒರೆಸ್ಟ್‌ನ ದನಿ ಇಳಿಯುತ್ತ ಬಂತು. ಅಷ್ಟೂ ಹೆಸರುಗಳಲ್ಲಿ ಒಂದಕ್ಕೂ ಗೇಟಿರಲಿಲ್ಲ. ಅವರನ್ನೆಲ್ಲ ಒಳಗೆ ಬಿಟ್ಟವಳು ಅವಳೇ. ಯಾರು, ಯಾಕೆ ಕಳಿಸಿದರೋ ಇವತ್ತಿಗೂ ಗೊತ್ತಿಲ್ಲ. ಬಂದದ್ದು ಮಾತ್ರ ಅವಳ ಬಾಗಿಲಿನಿಂದ.

ಮರುದಿನ ಒರೆಸ್ಟ್ ಮುಷ್ಟಿಗಾತ್ರದ ಕಬ್ಬಿಣದ ಬೀಗವೊಂದನ್ನು ತಂದು ಮೇಜಿನ ಮೇಲಿಟ್ಟ. “ಮೊದಲು ಗುಂಪಿಗೆ ಹಾಕು, ಆಮೇಲೆ ಮನೆಗೆ ಹಾಕು. ಗುರುತಿಲ್ಲದೋರನ್ನೆಲ್ಲ ಓಡ್ಸು. ಇಲ್ನೋಡು, ‘ಎಂ. ಡಿ.’ ಅಂತೆ, ಮುಖದ ಬದಲು ಒಂದು ದಾಸವಾಳದ ಚಿತ್ರ. ಮೊದಲು ಇದನ್ನ ಕಿತ್ತು ಬಿಸಾಕು.”

“ಇದು ಕಣಜದ ಬಗ್ಗೆ ಏನು ಬರೆದಿದೆ?”

“ಏನೂ ಬರ್ದಿಲ್ಲ. ಅದಕ್ಕೇ ಅನುಮಾನ.”

“ಅಂದ್ರೆ ಹಿತ್ತಾಳೆ ಕಿವಿಯ ನೀನು, ಬಾಯಿ ಮುಚ್ಕೊಂಡಿರೋ ಪ್ರಾಣೀನ ಹೊರಗೆ ಹಾಕು ಅಂತಿದೀಯಾ?”

ಒರೆಸ್ಟ್ ಬೀಗವನ್ನು ಅಲ್ಲೇ ಬಿಟ್ಟು ಹೋದ. ನೆಟ್ಟಿ ಫೋನು ಕೈಯಲ್ಲಿ ಹಿಡಿದು ಕೂತಳು. ಗುಂಪನ್ನೇ ಮುಚ್ಚಿಬಿಡೋಣ ಅನ್ನಿಸಿತು. ಗುರುತಿಲ್ಲದವರನ್ನೆಲ್ಲ ತೆಗೆಯೋಣವೆಂದರೆ, ತಾನು ಬಸ್ಸು ಓಡಿಸುವುದು ಬಿಟ್ಟ ಮೇಲೆ ಊರಿಗೆ ಬಂದವರ ಗತಿಯೇನು? ಲಾರಿ ಓಡಿಸಲು ಬಂದವರಿದ್ದಾರೆ, ವೃದ್ಧರ ಮನೆಯಲ್ಲಿ ಕೆಲಸಕ್ಕೆ ಬಂದವರಿದ್ದಾರೆ. ಅವರಿಗೂ ಗೇಟಿಲ್ಲ. ಹೊಕ್ಕವನು ಕಳ್ಳನೋ ಚಳಿಗೆ ಹೆದರಿ ಬಂದವನೋ ಅಂತ ಹೆಸರು ನೋಡಿ ಹೇಳುವುದು ಹೇಗೆ? ಅವಳಿಗೆ ಅಳು ಬಂತು, ಮೆಟ್ರೋ ಮೇಲೆ ಸಿಟ್ಟೂ ಬಂತು. ಇಂಥ ಹೊತ್ತಲ್ಲಿ ಸತ್ತು ಕೂತಿದಾನೆ ಅಂತ ಗಟ್ಟಿಯಾಗಿಯೇ ಬೈದಳು.

ಕಣ್ಣೊರೆಸಿಕೊಳ್ಳುವಾಗ ಅಮ್ಮ ನೆನಪಾದಳು. ನೆಟ್ಟಿ ಚಿಕ್ಕವಳಿದ್ದಾಗ ಆ ಸೀಮೆಯ ಏಳೆಂಟು ಹೊಲಮನೆಗಳಿಗೆಲ್ಲ ಒಂದೇ ಟೆಲಿಫೋನ್ ತಂತಿ. ಒಬ್ಬರಿಗೆ ಕರೆ ಬಂದರೆ ಉಳಿದವರೆಲ್ಲ ಮೆಲ್ಲಗೆ ಎತ್ತಿ ಕೇಳುವುದು. ಆದರೆ ಅಮ್ಮನಿಗೆ ಯಾರು ಕೇಳುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ಟಕ್ ಟಕ್ ಅಂದರೆ ಕೊಜಾಕರ ಗೋಡೆ ಗಡಿಯಾರ. ಹಿಂದೆ ಕೂಸು ಅತ್ತರೆ ಫೆದೊರಾಕ್ ಸೊಸೆ. “ಏ, ಕೂಸಿಗೆ ಮೊಲೆ ಕೊಡು ಹೋಗು, ಆಮೇಲೆ ಹೇಳ್ತೀನಿ” ಅಂತ ಅಮ್ಮ ತಂತಿಯಲ್ಲೇ ಗದರುತ್ತಿದ್ದಳು. ಕದ್ದು ಕೇಳುವವರ ಹಿಂದೆಯೂ ಒಂದು ಮನೆಯ ಸದ್ದಿರುತ್ತಿತ್ತು. ಈ ಟಾಡ್‌ಗೆ, ಈ ಶೆರಿಲ್‌ಗೆ ಹಿಂದೆ ಯಾವ ಸದ್ದೂ ಇಲ್ಲವಲ್ಲ ಅಂತ ನೆಟ್ಟಿಗೆ ಹೊಳೆಯಿತು.

ಸುಗ್ಗಿಯೂಟದ ಉಸಾಬರಿ ಪ್ರತಿವರ್ಷ ಅವಳದ್ದೇ. ಇಗರ್ಜಿಯ ನೆಲಮಾಳಿಗೆಯ ಹಾಲ್‌ನಲ್ಲಿ ಊರಿಗೂರೇ ಉಣ್ಣುವುದು, ಮನೆಗೊಂದು ಅಡುಗೆ ತರುವುದು. ಯಾರು ಏನು ತರುತ್ತೀರಿ ಅಂತ ಅವಳು ಫೋನು ಮಾಡಿ ಕೇಳುವುದು ರೂಢಿ. ಈ ಸಲ ಗುಂಪಿನಲ್ಲೇ ಬರೆದಳು. ‘ಭಾನುವಾರ ಸುಗ್ಗಿಯೂಟ. ಈ ಗುಂಪಲ್ಲಿರೋ ಪ್ರತಿಯೊಬ್ಬರೂ ಏನು ತರ್ತೀರಿ ಅಂತ ಇಲ್ಲೇ ಬರೆಯಿರಿ. ಬರೆಯದವರು ಉಪವಾಸ.’

ಕಟ್ಟೆಯೊಡೆದಂತೆ ಉತ್ತರ ಬಂತು. ಒಬ್ಬಳು ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಿದ ಹೊಲುಬ್ಚಿ ಅಂದಳು. ‘ನಮ್ಮತ್ತೆ ಪಿರೋಹಿ ಕಡುಬು ತರ್ತಾರೆ, ನಾನು ಅತ್ತೇನ ತರ್ತೀನಿ’ ಅಂತ ಒಬ್ಬ ಅಳಿಯ. ‘ಹೋದ್ವರ್ಷ ನಿನ್ನ ಟರ್ಕಿ ಕೋಳಿ ಬೂಟಿನ ಥರ ಇತ್ತು, ಈ ಸಲ ಬೇಗ ಒಲೆಗಿಡು’ ಅಂತ ಒಬ್ಬಳು ಇನ್ನೊಬ್ಬಳಿಗೆ. ‘ಬೂಟನ್ನ ಎರಡು ಸಲ ಹಾಕಿಸ್ಕೊಂಡೆಯಲ್ಲೇ’ ಅಂತ ಅವಳ ಜವಾಬು. ವಾರಗಟ್ಟಲೆ ಕಣಜ, ಕಣಜ ಅಂತಿದ್ದ ಜಾಗದಲ್ಲಿ ಹಿಟ್ಟು, ಬೆಣ್ಣೆ, ಬೀಟ್‌ರೂಟು.

ಟಾಡ್ ಸುಮ್ಮನಿದ್ದ. ಕೊನೆಗೆ ತಾಳಲಾರದೆ, ‘ಕಣಜ ಮುಳುಗುವ ಹೊತ್ತಿನಲ್ಲಿ ಊಟದ ಮಾತೇ? ಎಚ್ಚೆತ್ತುಕೊಳ್ಳಿ’ ಅಂತ ಬರೆದ.

‘ಮುಳುಗಿದ್ರೆ ಮುಳುಗ್ಲಿ ಬಿಡಪ್ಪಾ, ನೀನೇನು ತರ್ತೀಯ ಹೇಳು’ ಅಂತ ವಾಲ್ಟರ್.

ಟಾಡ್ ಮತ್ತೆ ಬಾಯಿ ಬಿಡಲಿಲ್ಲ. ಶೆರಿಲ್ ಆನ್ ಜಾಣೆ, ‘ನಾನು ತಾಜಾ ಸಮುದ್ರ ಏಡಿ ತರುತ್ತೇನೆ’ ಅಂದಳು. ಸಮುದ್ರ ಅಲ್ಲಿಂದ ಎರಡು ದಿನದ ದಾರಿ. ‘ಯಾವ ಕೆರೆಯದ್ದಮ್ಮಾ?’ ಅಂತ ಒಬ್ಬ ಕೇಳಿದ. ‘ಏಡಿ ಬಂದ್ರೆ ಬೂಟಿಗೆ ಕಷ್ಟ’ ಅಂತ ಇನ್ನೊಬ್ಬ. ಆ ದಿನ ಕಲೀನಾದ ಜನ ತಿಂಗಳ ಮೇಲೆ ಮೊದಲ ಸಲ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಮೇಲಕ್ಕೆ ಸರಿಸಿ ಹಳೆಯದನ್ನೆಲ್ಲ ಓದಿದರು. ತಮ್ಮನ್ನು ನಿದ್ದೆಗೆಡಿಸಿದವರಲ್ಲಿ, ಆ ಏಡಿಯವಳನ್ನು ಬಿಟ್ಟರೆ, ಒಬ್ಬರೂ ಒಂದು ಬಟ್ಟಲು ಉಪ್ಪಿನಕಾಯಿಯನ್ನೂ ತರುತ್ತೇನೆ ಅಂದಿರಲಿಲ್ಲ.

ಎಲ್ಲರ ಕೊನೆಗೆ ದಾಸವಾಳದ ಚಿತ್ರ ಬರೆಯಿತು. ‘ಮ್ಯಾಮ್ ನೆಟ್ಟಿ, ನಾನು ಮಾರಿವಿಕ್. ವೃದ್ಧರ ಮನೆಯಲ್ಲಿ ಕೆಲಸ. ನನಗೆ ಪಿರೋಹಿ ಬರಲ್ಲ. ನಮ್ಮ ಫಿಲಿಪೀನ್ಸ್ ಕಡೆಯ ಪಾನ್ಸಿಟ್ ತರಬಹುದಾ? ಅಕ್ಕಿ ಶಾವಿಗೆ. ಬೇಡ ಅಂದರೆ ಪಾತ್ರೆ ತೊಳೆಯೋಕೆ ಬರ್ತೀನಿ.’

ನೆಟ್ಟಿ ಅದನ್ನು ಮತ್ತೆ ಮತ್ತೆ ಓದಿದಳು. ಮೈದುನನ ಮಾತು ಕೇಳಿದ್ದರೆ ಈ ಹುಡುಗಿಯನ್ನೇ ಮೊದಲು ಹಿಮಕ್ಕೆ ದೂಡಿರುತ್ತಿದ್ದೆನಲ್ಲ ಅಂದುಕೊಂಡಳು. ‘ಶಾವಿಗೆ ದೊಡ್ಡ ಪಾತ್ರೇಲಿ ತಾ. ಪಾತ್ರೆ ಒರೆಸ್ಟ್ ತೊಳೀತಾನೆ’ ಅಂತ ಬರೆದಳು.

ಭಾನುವಾರ ಹಾಲ್ ಕಿಕ್ಕಿರಿದಿತ್ತು. ಶಾವಿಗೆ ಹೊಲುಬ್ಚಿಗಿಂತ ಮೊದಲು ಖಾಲಿಯಾಯಿತು. ವಾಲ್ಟರ್ ಮೂರನೇ ಸಲ ಬಡಿಸಿಕೊಂಡು, “ಇದನ್ನ ಇಷ್ಟು ವರ್ಷ ನಮ್ಮಿಂದ ಬಚ್ಚಿಟ್ಟೋರು ಯಾರು?” ಅಂದ. ಎಲ್ಲರೂ ಉಂಡು ಬೆಲ್ಟು ಸಡಿಲಿಸುವ ಹೊತ್ತಿಗೆ ಒರೆಸ್ಟ್ ಎದ್ದು ನಿಂತ. ಕಣಜದ ಮ್ಯಾನೇಜರ್ ಡಾರ್ಸಿ ಎದುರಿನ ಮೇಜಿನಲ್ಲಿ ಕೂತಿದ್ದ.

“ಡಾರ್ಸಿ, ಮುಚ್ಚುಮರೆ ಇಲ್ದೆ ಹೇಳು. ಮುಳುಗ್ತಿದೀವಾ?”

ಡಾರ್ಸಿ ಬಾಯಲ್ಲಿದ್ದ ಪಿರೋಹಿ ನುಂಗಿ ಎದ್ದ. “ಮುಳುಗ್ತಿಲ್ಲ. ಒದ್ದೆ ಆಗಿದೀವಿ. ಆ ಸುಂಕ ಸುಳ್ಳಲ್ಲ. ಈ ವರ್ಷ ಷೇರಿಗೆ ಲಾಭ ಇಲ್ಲ, ಬರೋ ವರ್ಷವೂ ಅನುಮಾನವೇ. ಆದ್ರೆ ಗೋಧಿ, ಬಟಾಣಿ ಹೋಗ್ತಾ ಇದೆ. ತಂದು ಹಾಕಿದ ಕಾಳಿಗೆ ಒಬ್ಬರ ದುಡ್ಡೂ ನಿಲ್ಸಿಲ್ಲ, ನಿಲ್ಸೋದೂ ಇಲ್ಲ.”

“ಇದನ್ನ ಮೊದಲೇ ಯಾಕೆ ಬೊಗಳ್ಲಿಲ್ಲ?” ಅಂತ ವಾಲ್ಟರ್.

“ಗುಂಪಲ್ಲಿ ಬರ್ದೆ. ಒಂದೇ ನಿಮಿಷದಲ್ಲಿ ಇಪ್ಪತ್ತು ಜನ ಸುಳ್ಳ ಅಂದ್ರು, ನನ್ನ ಮಾತು ಮುಚ್ಚಿಹೋಯ್ತು. ಆಮೇಲೆ ಆಫೀಸಿಗೆ ಬಂದು ನನ್ನ ಕೇಳಿದೋರು ಒಬ್ಬರಿಲ್ಲ. ಎಲ್ಲಾ ಫೋನನ್ನೇ ಕೇಳ್ತಿದ್ರಿ.”

ಒರೆಸ್ಟ್ ಇನ್ನೂ ನಿಂತೇ ಇದ್ದ. “ಆ ಸುದ್ದೀನ ಊರಿಗೆಲ್ಲ ಹಂಚಿದ್ದು ನಾನೂ ಒಬ್ಬ,” ಅಂದ. “ಹೆದರಿಕೆ ಆಯ್ತು, ಹಂಚಿದೆ. ಕ್ಷಮಿಸ್ಬೇಕು ನೀವು.” ಕೂತುಕೊಳ್ಳುವಾಗ ಅವನ ಮುಖ ಬೀಟ್‌ರೂಟಿನಂತಾಗಿತ್ತು. ಮಾರಿವಿಕ್ ಅವನ ಮುಂದೆ ಕಾಫಿ ಇಟ್ಟು, “ಪಾತ್ರೆಗೆ ನಾನೂ ಬರ್ತೀನಿ ಸರ್” ಅಂದಳು.

ಸೋಮವಾರದ ಸಭೆಯಲ್ಲಿ ಮಾರಾಟ ಬಿದ್ದುಹೋಯಿತು. ಎಲ್ಲರೂ ಒಂದಾದರು ಅಂತ ಹೇಳಿದರೆ ಸುಳ್ಳಾಗುತ್ತದೆ. ವಯಸ್ಸಾಯಿತು, ದುಡ್ಡು ಬೇಕು ಅಂತ ಮಾರುವ ಕಡೆ ಕೈ ಎತ್ತಿದವರೂ ಇದ್ದರು. ಅವರ ಮೇಲೆ ಯಾರಿಗೂ ಮುನಿಸಿಲ್ಲ, ಅವರು ಯಾರ ಮಾತೂ ಕೇಳದೆ ತಮ್ಮ ಕಷ್ಟವನ್ನು ತಾವೇ ಹೇಳಿಕೊಂಡಿದ್ದರು. ಒರೆಸ್ಟ್ ಕಣಜ ಉಳಿಸುವ ಕಡೆ ಎರಡೂ ಕೈ ಎತ್ತಿ, ಒಂದನ್ನು ಇಳಿಸಪ್ಪಾ ಅಂತ ಹೇಳಿಸಿಕೊಂಡ. ಆ ಸಂಜೆ ನೆಟ್ಟಿ ಪಾತ್ರೆ ತೊಳೆಯುತ್ತ ಕೆಂಪು ದೀಪಕ್ಕೆ ಸುದ್ದಿಯನ್ನೆಲ್ಲ ಒಪ್ಪಿಸಿದಳು.

ಗುಂಪಿಗೆ ಬೀಗ ಬೀಳಲಿಲ್ಲ. ಈಗಲೂ ಯಾರು ಬಂದರೂ ಒಳಗೆ ಬಿಡುತ್ತಾಳೆ, ಒಂದು ಪ್ರಶ್ನೆ ಕೇಳಿದ ಮೇಲೆ: ಸುಗ್ಗಿಯೂಟಕ್ಕೆ ಏನು ತರ್ತೀರಿ? ‘ಏನೂ ಮಾಡೋಕೆ ಬರಲ್ಲ, ತಿನ್ನೋಕೆ ಬರ್ತೀನಿ’ ಅಂದವರನ್ನೂ ಬಿಟ್ಟಿದ್ದಾಳೆ. ಸುಂಕ ಇನ್ನೂ ಇಳಿದಿಲ್ಲ. ಕೆಫೆಯ ಮೇಜಿನಲ್ಲಿ ಫೋನುಗಳು ಈಗ ಬೋರಲು ಬಿದ್ದಿರುತ್ತವೆ, ದಾಳ ಉರುಳುತ್ತದೆ.

ನವೆಂಬರಿನಲ್ಲಿ ವರ್ಷದ ಮೊದಲ ಹಿಮಗಾಳಿ ಎದ್ದಿತು. ನೆಟ್ಟಿ ಪಟ್ಟಣದಲ್ಲಿ ಮಗಳ ಮನೆಯಲ್ಲಿ ಸಿಕ್ಕಿಕೊಂಡಿದ್ದಳು. ಇದ್ದಕ್ಕಿದ್ದಂತೆ ಗುಂಪಿನಲ್ಲಿ ಒರೆಸ್ಟ್ ಕಾಣೆಯಾದ ಸುದ್ದಿ ಬಂತು. ಕಣಜದಿಂದ ಹೊರಟವನು ಮನೆ ತಲುಪಿಲ್ಲ, ಫೋನೂ ಎತ್ತುತ್ತಿಲ್ಲ. ಯಾರು ಎಲ್ಲಿ ಕಂಡಿರಿ ಅಂತ ಊರೆಲ್ಲ ಕೇಳುತ್ತಿತ್ತು. ಆಗ ಅವಳ ಫೋನು ರಿಂಗಾಯಿತು. ಅವಳದೇ ಮನೆಯ ನಂಬರು.

“ನೆಟ್ಟಿ, ನಾನು.” ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ಹಿಂದೆ ಅವಳ ಅಡುಗೆಮನೆಯ ಗಡಿಯಾರ ಟಕ್ ಟಕ್ ಅನ್ನುತ್ತಿತ್ತು. “ಗಾಡಿ ಚರಂಡಿಗೆ ಇಳೀತು. ಫೋನ್ ಸತ್ತಿದೆ. ಬೇಲಿ ಹಿಡ್ಕೊಂಡು ಬಂದೆ. ಬಾಗಿಲು… ತಳ್ಳಿದೆ, ತೆಗೀತು.”

ನೆಟ್ಟಿ ಒಂದೊಂದಾಗಿ ಹೇಳಿದಳು. “ಒಲೆ ಹಚ್ಚು. ಮೆಟ್ರೋನ ಕೋಟು ಒಳಗಿದೆ, ಹಾಕ್ಕೋ. ಫ್ರಿಜ್ಜಲ್ಲಿ ಹೊಲುಬ್ಚಿ ಇದೆ.”

ಒಲೆಯ ಬಾಗಿಲು ಕಿರ್ ಅಂದದ್ದು ಕೇಳಿಸಿತು. ಆಮೇಲೆ ಅವನು, “ನಾನು ತಂದ ಬೀಗ ಏನಾಯ್ತು?” ಅಂದ.

“ಮೂಲೇಲಿ ಎಲೆಕೋಸು ಹುಳಿಗೆ ಹಾಕಿರೋ ಭರಣಿ ನೋಡು. ತಟ್ಟೆ ಮೇಲೆ ಭಾರಕ್ಕೆ ಇಟ್ಟಿದೀನಿ. ಎತ್ತಬೇಡ, ಇನ್ನೂ ಹುಳಿ ಬಂದಿಲ್ಲ.”